ಹೊಟ್ಟೆ ಕಪ್ಪಾದರೆ ಜೋಡಿ ಆಯಿತು ಅಂತ ಲೆಕ್ಕ

ಆರೆಂಜ್ ಕ್ರೊಮೈಡ್ ಮೀನುಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಮೇಲ್ನೋಟಕ್ಕೆ ಹೇಳುವುದು ಕಷ್ಟ. ಮೈಯೂ ಒಂದೇ ಥರ, ರೆಕ್ಕೆಯೂ ಒಂದೇ ಥರ. ಹಾಗಾಗಿ ಅಂಗಡಿಯವರು "ಒಂದು ಒಳ್ಳೆ ಜೋಡಿ ಹಿಡಿದು ಕೊಡ್ತೀನಿ ಸಾರ್" ಅಂದಾಗ ನಾನು ಬೇಡ ಅಂದೆ. ಎಂಟು ಮರಿ ಕೊಡಿ, ಜೋಡಿ ಅವೇ ನೋಡಿಕೊಳ್ಳಲಿ ಅಂದೆ. ಅವರು ನಗುತ್ತಾ ಬಲೆ ಹಾಕಿದರು. ಎರಡರ ಬದಲು ಎಂಟು ಹೋದರೆ ಅವರಿಗೇನು ನಷ್ಟ ಹೇಳಿ!

ಈ ಮೀನು ಸೇರಿರುವ ಕುಟುಂಬಕ್ಕೆ ಸಿಕ್ಲಿಡ್ ಅನ್ನುತ್ತಾರೆ. ಸಿಕ್ಲಿಡ್ ಸಾಕುವವರಿಗೆಲ್ಲ ಇದು ಗೊತ್ತಿರುವ ವಿಷಯ. ಆರೋ ಎಂಟೋ ಮರಿಗಳನ್ನು ಒಟ್ಟಿಗೆ ಬೆಳೆಸಬೇಕು. ಅವು ಜಗಳ ಆಡಿಕೊಂಡು, ಹೊಂದಿಕೊಂಡು, ತಾವೇ ಜೋಡಿಯಾಗುತ್ತವೆ. ನಮಗೆ ಇಷ್ಟ ಬಂದ ಎರಡನ್ನು ತಂದು ಒಂದೇ ಟ್ಯಾಂಕಿಗೆ ಬಿಟ್ಟರೆ ಒಂದು ಇನ್ನೊಂದನ್ನು ಮೂಲೆಗೆ ಅಟ್ಟಿ ಬಾಲ ಹರಿದುಬಿಡಬಹುದು. ಎಂಟು ಇದ್ದಾಗ ಏಟು ಹಂಚಿಹೋಗುತ್ತದೆ.

ಹೆಸರು ಇಂಗ್ಲಿಷಿನದಾದರೂ ಮೀನು ನಮ್ಮದೇ. ಕರ್ನಾಟಕದ ಕರಾವಳಿ, ಕೇರಳ, ತಮಿಳುನಾಡು, ಆಚೆ ಶ್ರೀಲಂಕಾ, ಇವೆಲ್ಲ ಇದರ ಊರು. ಹೊಳೆ ಸಮುದ್ರ ಸೇರುವ ಕಡೆ, ಹಿನ್ನೀರಿನಲ್ಲಿ, ಉಪ್ಪು ಸಿಹಿ ಬೆರೆತ ನೀರಿನಲ್ಲಿ ಜಾಸ್ತಿ ಇರುತ್ತದೆ. ಮಲಯಾಳಿಗಳು ಇದನ್ನು ಪಳ್ಳತ್ತಿ ಅನ್ನುತ್ತಾರೆ. 1795ರಲ್ಲಿ ಬ್ಲಾಖ್ ಅನ್ನುವ ಜರ್ಮನ್ ವೈದ್ಯರು ಇದಕ್ಕೆ ಮೊದಲ ಸಲ ಶಾಸ್ತ್ರೀಯ ಹೆಸರು ಕೊಟ್ಟಾಗ ಹವಳದ ದಿಬ್ಬಗಳ ಚಿಟ್ಟೆ ಮೀನುಗಳ ಗುಂಪಿಗೆ ಸೇರಿಸಿದ್ದರು. ಅಗಲ ಮೈ, ಸಣ್ಣ ಬಾಯಿ ನೋಡಿದರೆ ಯಾಕೆ ಹಾಗೆ ಅನಿಸಿತು ಅಂತ ಗೊತ್ತಾಗುತ್ತದೆ. ಈಗಿನ ಹೆಸರು ಸ್ಯೂಡೆಟ್ರೋಪ್ಲಸ್ ಮ್ಯಾಕುಲೇಟಸ್. ಭಾರತಕ್ಕೆ ಸ್ವಂತದ ಸಿಕ್ಲಿಡ್ ಅಂತ ಇರುವುದು ಮೂರೇ. ಒಂದು ಇದು, ಇನ್ನೊಂದು ಕೇರಳದವರ ಕರಿಮೀನು, ಮೂರನೆಯದು ಎಟ್ರೋಪ್ಲಸ್ ಕೆನರೆನ್ಸಿಸ್. ಆ ಮೂರನೆಯದು ಹೆಸರೇ ಹೇಳುವಂತೆ ಕೆನರಾ ಸೀಮೆಯ ಹೊಳೆಗಳದ್ದು, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಈ ಮೂವರ ಹತ್ತಿರದ ನೆಂಟರು ಇರುವುದು ದೂರದ ಮಡಗಾಸ್ಕರ್‌ನಲ್ಲಿ.

ಕುಂದಾಪುರದಿಂದ ಬಂದಿದ್ದ ನಮ್ಮ ದೊಡ್ಡಮ್ಮ ಟ್ಯಾಂಕ್ ನೋಡಿ, "ಇದಕ್ಕೆ ದುಡ್ಡು ಕೊಟ್ಟು ತಂದ್ಯಾ ಮಾರಾಯ? ಒಂದು ಹೊತ್ತಿನ ಸಾರಿಗೂ ಸಾಲುದಿಲ್ಲ, ಬರೀ ಮುಳ್ಳು" ಅಂದರು. ಪೂರ್ತಿ ಬೆಳೆದರೂ ಎಂಟು ಸೆಂಟಿಮೀಟರ್ ಸುಮಾರು ಇರುವ ಮೀನು. ಅವರ ಮಾತೂ ಸರಿಯೇ.

ಅಂಗಡಿಯಲ್ಲಿ ಎರಡು ಬಣ್ಣದವು ಇದ್ದವು. ಒಂದು ಕಾಡುಬಣ್ಣ, ಅಂದರೆ ಹೊಳೆಯಲ್ಲಿ ಇರುವಂಥದ್ದೇ. ಮಾಸಲು ಹಳದಿ ಮೈ, ಪಕ್ಕದಲ್ಲಿ ಕಪ್ಪು ಮಚ್ಚೆ, ಮೈತುಂಬ ಸಾಲು ಸಾಲಾಗಿ ಸಣ್ಣ ಕಿತ್ತಳೆ ಚುಕ್ಕೆ. ಇನ್ನೊಂದು ಗೋಲ್ಡ್, ಸಾಕುವವರು ಆರಿಸಿ ಆರಿಸಿ ತಳಿ ಮಾಡಿದ್ದು. ಪೂರ್ತಿ ಕಿತ್ತಳೆ, ಮಚ್ಚೆ ಇಲ್ಲ. ಗಿರಾಕಿಗಳ ಕಣ್ಣು ಹೋಗುವುದು ಗೋಲ್ಡ್ ಕಡೆಗೇ. ನಾನು ಕಾಡುಬಣ್ಣದವು ಐದು, ಗೋಲ್ಡ್ ಮೂರು ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಅಂಗಡಿಯ ಬರಿಗಾಜಿನ ತೊಟ್ಟಿಯಲ್ಲಿ ಕಾಡುಬಣ್ಣದವು ಕೊಳೆ ನೀರಿನ ಬಣ್ಣಕ್ಕೆ ಇದ್ದವು. ಸಿಕ್ಲಿಡ್ ಕೊಳ್ಳುವಾಗ ಅಂಗಡಿಯ ಬಣ್ಣವನ್ನು ನಂಬಬಾರದು. ಅಡಗಲು ಜಾಗವಿಲ್ಲದೆ, ಕೆಳಗೆ ಬಿಳಿ ನೆಲ, ಮೇಲೆ ಟ್ಯೂಬ್‌ಲೈಟ್ ಇದ್ದರೆ ಯಾವ ಮೀನಾದರೂ ಬಿಳಿಚಿಕೊಳ್ಳುತ್ತದೆ. ನೋಡಬೇಕಾದ್ದು ರೆಕ್ಕೆ ಬಿಚ್ಚಿದೆಯಾ, ಉಸಿರು ಸಮ ಇದೆಯಾ, ಹೊಟ್ಟೆ ಒಳಗೆ ಹೋಗಿಲ್ಲ ತಾನೇ, ಇಷ್ಟು.

ನನ್ನದು ನಾಲ್ಕಡಿ ಟ್ಯಾಂಕ್, ಸುಮಾರು 250 ಲೀಟರ್. ಎರಡು ಸ್ಪಾಂಜ್ ಫಿಲ್ಟರ್. ಬೆಂಗಳೂರಲ್ಲಿ ನಮ್ಮ ಏರಿಯಾದ ಬೋರ್ ನೀರು ಗೀಸರ್ ಕಾಯಿಲ್ ತಿಂದುಹಾಕುವಷ್ಟು ಗಡಸು. ಮನೆಯವರೆಲ್ಲ ಬೈಯುವ ಆ ನೀರು ಈ ಮೀನಿಗೆ ಹಬ್ಬ. ಅದಕ್ಕೆ ಲೀಟರಿಗೆ ಸುಮಾರು 5 ಗ್ರಾಂ ಲೆಕ್ಕದಲ್ಲಿ ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಹೋದೆ. ಮೀನು ಇದ್ದಾಗ ಒಮ್ಮೆಲೇ ಸುರಿಯಬಾರದು, ಫಿಲ್ಟರಿನ ಒಳ್ಳೆ ಬ್ಯಾಕ್ಟೀರಿಯಾಗಳಿಗೂ ಹೊಂದಿಕೊಳ್ಳಲು ಸಮಯ ಬೇಕು. ಉಪ್ಪಿಲ್ಲದೆಯೂ ಇವು ಬದುಕುತ್ತವೆ, ಆದರೆ ಮೆದು ನೀರಿನಲ್ಲಿ ಬೇಗ ಚರ್ಮರೋಗ ಹಿಡಿಯುತ್ತದೆ. ತಳಕ್ಕೆ ಮರಳು, ಒಂದಷ್ಟು ಕಲ್ಲು, ಎರಡು ಮಣ್ಣಿನ ಕುಂಡ, ಹಳೆ ಮನೆ ಕೆಡವಿದ ಕಡೆಯಿಂದ ಎತ್ತಿಕೊಂಡು ಬಂದ ಮಂಗಳೂರು ಹೆಂಚಿನ ಚೂರುಗಳು. ಈ ಹೆಂಚು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು.

ಕಪ್ಪು ಮರಳು ನೋಡಿದ್ದೇ ಮೀನುಗಳ ಮೈ ಗಟ್ಟಿ ಬಣ್ಣಕ್ಕೆ ತಿರುಗತೊಡಗಿತು. ಮೊದಮೊದಲು ಎಂಟೂ ಒಟ್ಟಿಗೆ, ಕುಂಡದ ಹಿಂದೆ. ಆಮೇಲೆ ಒಂದೊಂದೇ ಹೊರಗೆ. ಒಂದೆರಡು ತಿಂಗಳಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಅನ್ನುವುದು ಇತ್ಯರ್ಥವಾಗಿತ್ತು. ಅದನ್ನು ನಾನು ತಿಳಿದುಕೊಂಡಿದ್ದು ಜಗಳ ನೋಡಿ ಅಲ್ಲ, ಬಣ್ಣ ನೋಡಿ. ಮೇಲಿನ ಸ್ಥಾನದಲ್ಲಿ ಇದ್ದದ್ದರ ಹಳದಿ ತೊಳೆದಿಟ್ಟ ಹಾಗೆ, ಚುಕ್ಕೆಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಕೆಳಗಿನದ್ದರ ಮೈ ಬೂದು, ಅಲ್ಲಲ್ಲಿ ಮಸಕು ಪಟ್ಟೆ, ರೆಕ್ಕೆ ಮೈಗೆ ಅಂಟಿಕೊಂಡಿರುತ್ತಿತ್ತು.

ಈ ಬಣ್ಣ ಸ್ಥಿರವಲ್ಲ ಅನ್ನುವುದೇ ಮಜಾ. ಟ್ಯಾಂಕ್ ತಳ ಶುಚಿ ಮಾಡಲು ಪೈಪ್ ಇಳಿಸಿದರೆ ಸಾಕು, ಅಷ್ಟು ಹೊತ್ತು ಮೆರೆಯುತ್ತಿದ್ದ ಮೀನು ನಮ್ಮ ಕಣ್ಣೆದುರೇ ಬಿಳಿಚಿಕೊಳ್ಳುತ್ತದೆ. ಪೈಪ್ ತೆಗೆದ ಸ್ವಲ್ಪ ಹೊತ್ತಿಗೆ ಮತ್ತೆ ಹಳೇ ಠೀವಿ. ಮೀನಿನ ಚರ್ಮದಲ್ಲಿ ಬಣ್ಣದ ಜೀವಕೋಶಗಳಿವೆ. ಕಪ್ಪಿನ ಕೋಶದೊಳಗೆ ಮೆಲನಿನ್ ಅನ್ನುವ ಸಣ್ಣ ಕಣಗಳು ಇರುತ್ತವೆ. ರಂಗೋಲಿ ಪುಡಿ ಹರಡಿದರೆ ಅಂಗಳಕ್ಕೇ ಬಣ್ಣ, ಗುಡ್ಡೆ ಮಾಡಿದರೆ ಒಂದು ಬೊಟ್ಟು ಅಷ್ಟೇ ಅಲ್ವಾ, ಹಾಗೆ. ಕಣ ಹರಡಿದಾಗ ಮೈ ಕಪ್ಪು, ನಡುವಿಗೆ ಸೇರಿಕೊಂಡಾಗ ಮೈ ಬಿಳುಪು. ಇದಕ್ಕೆ ನರಗಳಿಂದ ನೇರ ಹುಕುಂ ಬರುವುದರಿಂದ ಕ್ಷಣದಲ್ಲಿ ಆಗಿಹೋಗುತ್ತದೆ. ಹಾರ್ಮೋನಿನ ಮೂಲಕ ಆಗುವ ಬದಲಾವಣೆ ನಿಧಾನ.

ಕಿತ್ತಳೆಯ ಕಥೆ ಬೇರೆ. ಹಳದಿ, ಕಿತ್ತಳೆ, ಕೆಂಪಿಗೆ ಬೇಕಾದ ಕ್ಯಾರೊಟಿನಾಯ್ಡ್‌ಗಳನ್ನು ಮೀನು ತಾನಾಗಿ ತಯಾರಿಸಿಕೊಳ್ಳುವುದಿಲ್ಲ. ಹೊಟ್ಟೆಗೆ ಹೋದದ್ದೇ ಮೈಗೆ ಬರಬೇಕು. ಬರೀ ಅಗ್ಗದ ಕಾಳು ಹಾಕಿ ಬಣ್ಣ ಬರಲಿಲ್ಲ ಅಂದರೆ ಹೇಗೆ? ನಾನು ಸ್ಪಿರುಲಿನಾ ಅನ್ನುವ ಪಾಚಿ ಇರುವ ಕಾಳು, ಸಿಪ್ಪೆ ಸಮೇತ ಅರೆದ ಸಿಗಡಿ, ಆಗಾಗ ಬೇಯಿಸಿದ ಪಾಲಕ್ ಹಾಕುತ್ತಿದ್ದೆ. ಕಿತ್ತಳೆ ಗಾಢವಾಗಲು ವಾರಗಳು ಹಿಡಿದವು. ಅಂದರೆ ಕಿತ್ತಳೆ ನೋಡಿದರೆ ಮೀನು ಏನು ತಿಂದಿದೆ ಅಂತ ಗೊತ್ತಾಗುತ್ತದೆ. ಈಗ, ಈ ಗಳಿಗೆಯಲ್ಲಿ ಅದರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಬೇಕಾದರೆ ಕಪ್ಪನ್ನೇ ನೋಡಬೇಕು. ಎಲ್ಲರೂ ಈ ಮೀನಿನ ಕಿತ್ತಳೆಯನ್ನು ಹೊಗಳುತ್ತಾರೆ. ನನಗೆ ಇದರ ಕಪ್ಪೇ ಇಷ್ಟ.

ಕಪ್ಪು ಮೊದಲು ಕಂಡದ್ದು ಹೊಟ್ಟೆ ಕೆಳಗಿನ ಜೋಡಿ ರೆಕ್ಕೆಗಳಲ್ಲಿ. ಹಳದಿ ಮೀನಿನ ಆ ಎರಡು ಸಣ್ಣ ರೆಕ್ಕೆಗಳಿಗೆ ಯಾರೋ ಕಾಡಿಗೆ ಹಚ್ಚಿದಂತಿತ್ತು. ಅದು ಗುಂಪಿನ ಯಜಮಾನ ಮೀನು ಅಲ್ಲ, ಎರಡನೆಯ ಸ್ಥಾನದ ಒಂದು ಕಾಡುಬಣ್ಣದ್ದು. ಅದರ ಪಕ್ಕದಲ್ಲಿ ಇನ್ನೊಂದು, ಸ್ವಲ್ಪ ಚಿಕ್ಕದು, ಸುಮ್ನೆ ಜೊತೆಗೆ ತಿರುಗುತ್ತಿತ್ತು. ಅದಕ್ಕೂ ರೆಕ್ಕೆ ಕಪ್ಪು. ಎರಡೂ ಅಕ್ಕಪಕ್ಕ ನಿಂತು ತಲೆ ಅಲುಗಿಸುವುದು, ಮೈ ನಡುಗಿಸುವುದು, ಒಂದರ ಮೈಯನ್ನು ಇನ್ನೊಂದು ಮೆಲ್ಲಗೆ ಕುಟುಕುವುದು. ಬೇರೆ ಮೀನು ಹತ್ತಿರ ಬಂದರೆ ಒಟ್ಟಿಗೆ ಅಟ್ಟುವುದು. ಜೋಡಿ ಆಯಿತು ಅನ್ನಲು ನಾನು ನೋಡುವುದು ಇದನ್ನೇ. ಬರೀ ಜೊತೆಗೆ ಈಜಿದರೆ ಸಾಲದು, ಮೂರನೆಯವರನ್ನು ಇಬ್ಬರೂ ಸೇರಿ ಓಡಿಸಬೇಕು.

ಆಮೇಲೆ ಕಪ್ಪು ಮೇಲೇರತೊಡಗಿತು. ರೆಕ್ಕೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಗಂಟಲಿಗೆ, ಹಿಂದೆ ಬಾಲದ ಬುಡದ ಕೆಳರೆಕ್ಕೆಯವರೆಗೆ. ಮೇಲರ್ಧ ಉರಿಯುವ ಹಳದಿ, ಕೆಳಗೆ ಇದ್ದಿಲ ಬಣ್ಣ. ಅಂಗಡಿಯಲ್ಲಿ ಕೊಳೆ ನೀರಿನ ಬಣ್ಣಕ್ಕಿದ್ದ ಮೀನು ಇದೇನಾ ಅಂತ ನಮ್ಮ ಮನೆಯವರೇ ಕೇಳಿದರು. "ಹೊಸದಾಗಿ ತಂದ್ರಾ? ಬಿಲ್ ಎಷ್ಟಾಯ್ತು ಮೊದಲು ಹೇಳಿ" ಅಂತ. ಹಳೇದೇ ಅಂತ ನಂಬಿಸಲು ಎಂಟನ್ನೂ ಎಣಿಸಿ ತೋರಿಸಬೇಕಾಯಿತು.

ಈ ಹಂತದಲ್ಲೂ ಯಾವುದು ಗಂಡು ಅಂತ ಬಣ್ಣ ಹೇಳಲಿಲ್ಲ. ಎರಡೂ ಒಂದೇ ಥರ ಕಪ್ಪು. ಆಫ್ರಿಕಾದ ಮಲಾವಿ ಸರೋವರದ ಎಷ್ಟೋ ಸಿಕ್ಲಿಡ್‌ಗಳಲ್ಲಿ ಗಂಡು ಮಾತ್ರ ಝಗಮಗ, ಮೊಟ್ಟೆ ಮರಿಯನ್ನು ಬಾಯಲ್ಲಿ ಇಟ್ಟುಕೊಂಡು ಕಾಯುವುದು ಹೆಣ್ಣು. ಕ್ರೊಮೈಡ್‌ನಲ್ಲಿ ಗಂಡು ಹೆಣ್ಣು ಇಬ್ಬರೂ ಮರಿ ಸಾಕುತ್ತವೆ, ಇಬ್ಬರಿಗೂ ಒಂದೇ ಉಡುಪು. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಹೊಟ್ಟೆಯ ಕೆಳಗೆ ಇಳಿದ ಸಣ್ಣ ನಳಿಗೆ. ಮೊಟ್ಟೆ ಇಡುವ ಹೊತ್ತಿಗೆ ಅದು ಹೊರಗೆ ಕಾಣುತ್ತದೆ. ಹೆಣ್ಣಿನದ್ದು ದಪ್ಪ, ತುದಿ ಮೊಂಡು. ಗಂಡಿನದ್ದು ಸಣ್ಣ, ಚೂಪು. ಚಿಕ್ಕದಿತ್ತಲ್ಲ, ಅದೇ ಹೆಣ್ಣು.

ಹೆಂಚಿನ ಒಂದು ಚೂರನ್ನು ಓರೆಯಾಗಿ ಗಾಜಿಗೆ ಒರಗಿಸಿ ಇಟ್ಟಿದ್ದೆ. ಅದರ ಒಳಮೈಯನ್ನು ಇಬ್ಬರೂ ಬಾಯಿಂದ ಉಜ್ಜಿ ಉಜ್ಜಿ ಪಾಚಿ ತೆಗೆದರು. ಮೊಟ್ಟೆಗಳು ಸಣ್ಣ ತೊಟ್ಟಿನ ಮೇಲೆ ನಿಲ್ಲುತ್ತವೆ. ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ ನೋಡಿದಾಗ ಒಂದೊಂದು ಮೊಟ್ಟೆಯೂ ಹೆಂಚಿಗೆ ನೇತುಬಿದ್ದು ನೀರಿನ ಸುಳಿಗೆ ತೂಗುತ್ತಿದ್ದುದು ಕಂಡಿತು. ಒಂದು ಮೀನು ಎದುರು ನಿಂತು ಎದೆ ರೆಕ್ಕೆಯಿಂದ ಗಾಳಿ ಹಾಕುತ್ತದೆ, ಇನ್ನೊಂದು ಹೊರಗೆ ಪಹರೆ. ಸ್ವಲ್ಪ ಹೊತ್ತಿಗೆ ಅದಲುಬದಲು. ಬಿಳಿಯಾಗಿ ಕೆಟ್ಟ ಮೊಟ್ಟೆಯನ್ನು ಬಾಯಲ್ಲಿ ಕಿತ್ತು ತೆಗೆಯುತ್ತವೆ.

ಮೊದಲ ಸಲದ ಮೊಟ್ಟೆಗಳನ್ನು ಅವೇ ತಿಂದುಬಿಟ್ಟವು. ಹೊಸ ಜೋಡಿಗಳಲ್ಲಿ ಇದು ಮಾಮೂಲು. ಆದರೆ ಆವತ್ತು ಗಮನಿಸಿದ ವಿಷಯ ಮರೆಯುವಂತಿಲ್ಲ. ಬೆಳಗ್ಗೆ ಹೆಂಚು ಖಾಲಿ. ಸಂಜೆ ಆಫೀಸಿನಿಂದ ಬಂದು ನೋಡಿದರೆ ಇಬ್ಬರ ಹೊಟ್ಟೆಯ ಕಪ್ಪೂ ಕರಗಿ ಬರೀ ನೆರಳಿನಷ್ಟು ಉಳಿದಿತ್ತು. ಕಾಯಲು ಏನೂ ಇಲ್ಲ ಅಂದಮೇಲೆ ಆ ವೇಷವೂ ಬೇಡ. ಆ ವಾರ ಗುಂಪಿನ ಜೊತೆ ಎಲ್ಲರಂತೆ ಓಡಾಡಿಕೊಂಡಿದ್ದವು. ಮುಂದಿನ ಸಲ ಕಪ್ಪು ರೆಕ್ಕೆಗೆ ಬಂದ ತಕ್ಷಣ ನಾನು ಟ್ಯಾಂಕಿನ ಮೂರನೇ ಒಂದು ಭಾಗವನ್ನು ಪ್ಲಾಸ್ಟಿಕ್ ಜಾಲರಿಯಿಂದ ಬೇರೆ ಮಾಡಿ ಜೋಡಿಯನ್ನು ಅದರೊಳಗೆ ಬಿಟ್ಟೆ. ಜಾಲರಿಯ ಆಚೆ ಆರು ಮೀನು ಕಾಣಿಸುತ್ತಲೇ ಇರಬೇಕು, ಅದು ಮುಖ್ಯ. ಹೊರಗೆ ಅಟ್ಟಲು ಯಾರೂ ಇಲ್ಲದಿದ್ದರೆ ಜೋಡಿಯ ಸಿಟ್ಟು ತಮ್ಮತಮ್ಮ ಮೇಲೇ ತಿರುಗುವುದುಂಟು.

ಅತ್ತ ಗೋಲ್ಡ್ ಮೂರರ ಕಥೆ ಏನಾಯಿತು ಅಂತ ಹೇಳಬೇಕು. ನಿಕರಾಗುವಾದ ಮಿಡಾಸ್ ಸಿಕ್ಲಿಡ್‌ನಲ್ಲೂ ಹೀಗೆ ಮಾಮೂಲಿ ಬಣ್ಣದವು, ಬಂಗಾರದವು ಅಂತ ಎರಡು ಬಗೆ ಇವೆ. ಅಮೆರಿಕದ ಪ್ರಾಣಿವಿಜ್ಞಾನಿ ಜಾರ್ಜ್ ಬಾರ್ಲೊ ವರ್ಷಗಟ್ಟಲೆ ಅವುಗಳನ್ನು ಅಭ್ಯಾಸ ಮಾಡಿ, ಒಂದೇ ಗಾತ್ರದ ಎರಡನ್ನು ಎದುರುಬದುರು ಬಿಟ್ಟರೆ ಬಂಗಾರದ್ದೇ ಮೇಲುಗೈ ಸಾಧಿಸುತ್ತದೆ ಅಂತ ತೋರಿಸಿದರು. ನನ್ನ ಟ್ಯಾಂಕಿನಲ್ಲಿ ಹಾಗೇನೂ ಕಾಣಲಿಲ್ಲ. ಇಲ್ಲಿ ದೊಡ್ಡದಿದ್ದದ್ದೇ ದೊಡ್ಡದು. ಗೋಲ್ಡ್‌ಗಳಲ್ಲಿ ಒಂದು, ಯಜಮಾನ ಕಾಡುಬಣ್ಣದ ಮೀನಿನ ಜೊತೆ ಜೋಡಿಯಾಯಿತು. ಕಾಡುಬಣ್ಣದ್ದರ ಹೊಟ್ಟೆ ಕಪ್ಪಾಯಿತು, ಗೋಲ್ಡ್‌ನದ್ದು ಆಗಲೇ ಇಲ್ಲ. ಕಿತ್ತಳೆ ಸ್ವಲ್ಪ ಏರಿತು, ಅಷ್ಟೇ. ಅದು ಸಿದ್ಧವಾಗಿದೆಯಾ, ಮುನಿಸಾ, ಹೆದರಿಕೆಯಾ, ಏನೂ ಓದಲು ಆಗುವುದಿಲ್ಲ. ನೋಡಲು ಚಂದ, ಒಪ್ಪುತ್ತೇನೆ. ಆದರೆ ತಳಿ ಮಾಡುವಾಗ ಮೀನಿನ ಬಾಯಿ ಕಟ್ಟಿದ್ದಾರೆ ಅನ್ನುವುದು ನನ್ನ ತಕರಾರು. ಅದರ ಜೊತೆಗಾರ ಮಾತ್ರ ಹೇಗೋ ಅರ್ಥಮಾಡಿಕೊಂಡಿತು. ನಡೆನುಡಿಯಲ್ಲಿ ಬಣ್ಣ ಒಂದು ಭಾಗ, ಉಳಿದದ್ದು ಮೈ ನಡುಕ, ರೆಕ್ಕೆ, ನಿಲುವು.

ಎರಡನೇ ಸಲದ ಮೊಟ್ಟೆಗಳು ಉಳಿದವು. 28 ಡಿಗ್ರಿ ಆಸುಪಾಸಿನಲ್ಲಿ ನಾಲ್ಕೈದು ದಿನಕ್ಕೆ ಒಡೆಯುತ್ತವೆ. ಆಗಿನ್ನೂ ಮರಿಗೆ ಈಜಲು ಬರುವುದಿಲ್ಲ, ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಅದರ ಬುತ್ತಿ. ತಂದೆತಾಯಿ ಮೊದಲೇ ಮರಳಿನಲ್ಲಿ ಗುಂಡಿ ತೋಡಿಟ್ಟಿದ್ದವು. ಮರಿಗಳನ್ನು ಬಾಯಲ್ಲಿ ತುಂಬಿಕೊಂಡು ಹೋಗಿ ಅಲ್ಲಿ ಉಗುಳಿದವು. ಮಾರನೇ ದಿನ ಇನ್ನೊಂದು ಗುಂಡಿಗೆ. ಹೀಗೆ ವಾರ ಕಳೆದ ಮೇಲೆ ಒಂದು ಬೆಳಗ್ಗೆ ಮರಿಗಳು ನೆಲ ಬಿಟ್ಟು ಎದ್ದವು.

ಇಡೀ ಅವಧಿಯಲ್ಲಿ ಅತಿ ಗಾಢ ಕಪ್ಪು ಕಂಡದ್ದು ಆಗಲೇ. ಮೊಟ್ಟೆ ಕಾಯುವಾಗ ಇದ್ದಿಲಾಗಿದ್ದದ್ದು ಈಗ ಅಪ್ಪಟ ಮಸಿ. ಈ ಕಪ್ಪಿಗೆ ಒಂದು ಕೆಲಸವೂ ಇದೆ. ತಾಯಿಯೋ ತಂದೆಯೋ ಹೊಟ್ಟೆ ಕೆಳಗಿನ ಆ ಕಪ್ಪು ರೆಕ್ಕೆಗಳನ್ನು ಪಟಪಟ ಅಂತ ಬಿಚ್ಚಿ ಮುಚ್ಚುತ್ತದೆ. ಚೆದುರಿದ್ದ ಮರಿಗಳು ಕೂಡಲೇ ಅದರ ಹತ್ತಿರ ಗುಂಪಾಗುತ್ತವೆ. ಜಾಲರಿಯ ಆಚೆಯಿಂದ ಯಜಮಾನ ಮೀನು ಮುಖ ಒತ್ತಿದರೆ ಸಾಕು, ರೆಕ್ಕೆ ಪಟಪಟ ಶುರು. ಇದನ್ನು ನೋಡಬೇಕೆಂದು ನಾನು ಬೇಕಂತಲೇ ಗಾಜಿನ ಮುಂದೆ ಕೈ ಆಡಿಸಿದ್ದೂ ಉಂಟು.

ಮರಿಗಳು ಹತ್ತಿರ ಬರುವುದು ಬರೀ ಹೆದರಿ ಅಲ್ಲ, ಹೊಟ್ಟೆಪಾಡಿಗೂ ಹೌದು. ಅವು ದೊಡ್ಡ ಮೀನಿನ ಪಕ್ಕೆಗೆ ಬಂದು ಒಂದು ಸಲ ಮುಟ್ಟಿ, ಥಟ್ಟನೆ ಹಿಂದೆ ಸರಿಯುತ್ತವೆ. ಮತ್ತೆ ಬಂದು ಮುಟ್ಟುತ್ತವೆ. ಚರ್ಮದ ಮೇಲಿನ ಲೋಳೆಯನ್ನು ತಿನ್ನುವುದು ಅದು. ಜ್ಯಾಕ್ ವಾರ್ಡ್ ಮತ್ತು ಇದೇ ಬಾರ್ಲೊ 1967ರಲ್ಲಿ ಆರೆಂಜ್ ಕ್ರೊಮೈಡ್ ಮರಿಗಳ ಈ ಮುಟ್ಟಾಟದ ಮೇಲೆಯೇ ಒಂದು ಪ್ರಬಂಧ ಪ್ರಕಟಿಸಿದ್ದರು. ನಮ್ಮ ಹೊಳೆಯ ಮೀನು, ಅಧ್ಯಯನ ಆದದ್ದು ಅಮೆರಿಕದ ಗಾಜಿನ ತೊಟ್ಟಿಯಲ್ಲಿ! ಲೋಳೆಯ ಜೊತೆಗೆ ನಾನು ಆರ್ಟೀಮಿಯಾ ಅನ್ನುವ, ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳನ್ನೂ ಕೊಡುತ್ತಿದ್ದೆ. ಉಪ್ಪುನೀರಿನ ಬಾಟಲಿಯಲ್ಲಿ ಗಾಳಿ ಬಿಟ್ಟು ಮೊಟ್ಟೆ ಹಾಕಿಟ್ಟರೆ ಒಂದು ದಿನಕ್ಕೆ ಒಡೆಯುತ್ತವೆ. ತಿಂದ ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬಿರುವುದು ಹೊರಗೇ ಕಾಣುತ್ತದೆ.

ಹೊಳೆಯಲ್ಲಿ ಇದೇ ಮೀನಿಗೆ ಇನ್ನೊಂದು ಮುಖವಿದೆ. ಮರಿ ಕ್ರೊಮೈಡ್‌ಗಳು ದೊಡ್ಡ ಕರಿಮೀನಿನ ಮೈ, ರೆಕ್ಕೆಗಳನ್ನು ಕುಟುಕಿ ಶುಚಿ ಮಾಡುತ್ತವೆ. ಕರಿಮೀನೂ ಸುಮ್ಮನೆ ನಿಂತು ಮಾಡಿಸಿಕೊಳ್ಳುತ್ತದೆ. ಅದೇ ಕರಿಮೀನು ಮೊಟ್ಟೆ ಇಟ್ಟರೆ ಆ ಮೊಟ್ಟೆಗೂ ಮರಿಗೂ ಬಾಯಿ ಹಾಕುವುದರಲ್ಲಿ ಇದೇ ಕ್ರೊಮೈಡ್ ಮುಂದು. ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಸಾಕುವ ಆಸೆ ಇದ್ದವರು ಇದನ್ನು ನೆನಪಿಡಿ. ಕರಿಮೀನು ಅಡಿಯವರೆಗೂ ಬೆಳೆಯುತ್ತದೆ, ನಾಲ್ಕಡಿ ಟ್ಯಾಂಕು ಅದಕ್ಕೆ ಸಾಲುವುದಿಲ್ಲ.

ಮರಿಗಳು ತಾವೇ ಓಡಾಡತೊಡಗಿದಂತೆ ಹೊಟ್ಟೆಯ ಕಪ್ಪು ಗಂಟಲಿನಿಂದ ಇಳಿಯುತ್ತಾ ಬಂತು. ಬಂದ ದಾರಿಯಲ್ಲೇ ವಾಪಸ್. ಕೊನೆಗೆ ರೆಕ್ಕೆಯಲ್ಲಿ ಮಾತ್ರ ಉಳಿದಾಗ ಜಾಲರಿ ತೆಗೆದೆ, ಮರಿಗಳನ್ನು ಬೇರೆ ಟ್ಯಾಂಕಿಗೆ ಹಾಕಿದೆ. ಜೋಡಿ ಮುರಿಯಲಿಲ್ಲ. ಗುಂಪಿಗೆ ಸೇರಿದ ಮೇಲೂ ಅದೇ ಹೆಂಚಿನ ಕೆಳಗೆ ಇಬ್ಬರ ವಾಸ. ಸ್ಥಾನಮಾನ ಮಾತ್ರ ಬದಲಾಗಿದೆ. ಒಂಟಿಯಾಗಿದ್ದಾಗ ಎರಡನೆಯದಾಗಿದ್ದ ಗಂಡು, ಈಗ ಹೆಂಡತಿ ಪಕ್ಕದಲ್ಲಿದ್ದರೆ ಹಳೇ ಯಜಮಾನನನ್ನೂ ಅಟ್ಟುತ್ತದೆ. ಹಳೇ ಯಜಮಾನ ಆ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗಿ ಕುಂಡದ ಹಿಂದೆ ಸರಿಯುತ್ತದೆ, ಗೋಲ್ಡ್ ಹೆಂಡತಿ ಬಂದಮೇಲೆ ಮತ್ತೆ ಹಳದಿ.

ಮರಿಗಳನ್ನು ಅಂಗಡಿಗೆ ಕೊಡೋಣ ಅಂತ ಹೋದರೆ, "ಗೋಲ್ಡ್ ಇದ್ರೆ ತಗೊಂಬನ್ನಿ ಸಾರ್, ಈ ಮಾಸಲು ಬಣ್ಣದ್ದು ಯಾರೂ ಕೇಳಲ್ಲ" ಅಂದರು. ಹಾಗಾಗಿ ಗೊತ್ತಿದ್ದವರಿಗೆ ಹಂಚುತ್ತಿದ್ದೇನೆ. ಕೇಳಿದವರಿಗೆ ಒಂದೋ ಎರಡೋ ಕೊಡುವುದಿಲ್ಲ, ಆರಕ್ಕೆ ಕಮ್ಮಿ ಇಲ್ಲ. ಮೊದಲು ಟ್ಯಾಂಕ್ ಓಡಿಸಿ, ಮೀನಿಗೆ ವಿಷವಾಗುವ ಅಮೋನಿಯಾ ಸೊನ್ನೆಗೆ ಬಂದ ಟೆಸ್ಟ್‌ನ ಫೋಟೋ ಕಳಿಸಬೇಕು. ಮರಳು ಕಪ್ಪಾಗಿದ್ದರೆ ಒಳ್ಳೆಯದು. ಹೆಂಚಿನ ಚೂರು ಬೇಕಿದ್ದರೆ ನನ್ನ ಹತ್ತಿರ ಇನ್ನೂ ಇವೆ.